ಅಕ್ಕುಂಜಿಯ ಓಟ

ಕಕ್ಕಿಂಜೆಯ ಹೋಟೆಲಿನಲ್ಲಿ ಬನ್ಸ್ ಮುರಿಯುತ್ತ ಓಟದ ಮಾತೆತ್ತಿದರೆ ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ ಬಂದೇ ಬರುತ್ತಾರೆ. 2010ರ ದೆಹಲಿ ಕಾಮನ್‌ವೆಲ್ತ್ ರಿಲೇಯಲ್ಲಿ, ಮೂರನೇ ಸುತ್ತಿಗೆ ಬ್ಯಾಟನ್ ಹಿಡಿದು ನೈಜೀರಿಯಾದ ಓಟಗಾರ್ತಿಯನ್ನು ಹಿಂದಿಕ್ಕಿದ್ದು ನೋಡಿದವರಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅದೇ ವರ್ಷ ಏಷ್ಯಾಡ್‌ನಲ್ಲಿ ಎರಡು ಚಿನ್ನ.

2011ರಲ್ಲಿ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತೆಂದರು. ಒಂದು ವರ್ಷದ ನಿಷೇಧ 2012ರಲ್ಲಿ ಎರಡಾಯಿತು. 2010ರ ಪದಕಗಳು ಮಾತ್ರ ಅವರಲ್ಲೇ ಉಳಿದವು.



ನಮ್ಮವರು ಓಟವನ್ನೂ ಮರೆತಿಲ್ಲ, ನಿಷೇಧವನ್ನೂ ಬಿಟ್ಟಿಲ್ಲ. ಸರಿಯೇ. ಆದರೆ ಸರ್ಕಾರ ಆಗ ತೆಗೆದುಹಾಕಿದ ಆ ಉಕ್ರೇನಿನ ಕೋಚ್‌ನ ಹೆಸರು ಕೇಳಿ ನೋಡಿ, ಹೋಟೆಲಿನಲ್ಲಿ ಒಬ್ಬರಿಗೂ ಬಾರದು.