ತೇಲುವ ಮನೆಗಳು, ದಡದ ಮನೆಗಳು



ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಉತ್ತರಕ್ಕೆ ಸಾಗಿದರೆ ಸಾಸಲಿಟೋ ಎಂಬ ಸಣ್ಣ ಪಟ್ಟಣ ಎದುರಾಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಅನುಕೂಲಸ್ಥರ ಮನೆಗಳು, ಬುಡದಲ್ಲಿ ರಿಚರ್ಡ್‌ಸನ್ ಕೊಲ್ಲಿ, ಆ ಕೊಲ್ಲಿಯ ಅಂಚಿನ ನೀರಿನ ಮೇಲೆ ನಾಲ್ಕುನೂರಕ್ಕೂ ಹೆಚ್ಚು ತೇಲುವ ಮನೆಗಳು. ಮಲೆನಾಡಿನ ಸಂಕವನ್ನು ನೆನಪಿಸುವ ಮರದ ಕಾಲುಹಾದಿಯ ಇಕ್ಕೆಲಗಳಲ್ಲಿ ಅವು ಸಾಲಾಗಿ ನಿಂತಿವೆ. ಭರತ ಬಂದಾಗ ಮನೆಯೂ ಮೇಲೇರುತ್ತದೆ. ಇಳಿತದ ವೇಳೆಯಲ್ಲಿ ಕೆಲವು ಮನೆಗಳು ಕೆಸರಿನ ಮೇಲೆಯೇ ಕುಳಿತಿರುತ್ತವೆ. ಪ್ರವಾಸಿಗಳಿಗೆ ಇದೊಂದು ಚಿತ್ರ. ಆದರೆ ಇದು ನೆಲದ ಹಕ್ಕಿನ ಚರಿತ್ರೆಯೂ ಹೌದು.

ಆ ಚರಿತ್ರೆ ಒಂದು ಗುಡ್ಡದ ನಾಶದಿಂದ ಆರಂಭವಾಗುತ್ತದೆ. 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಮರಿನ್‌ಶಿಪ್ ಎಂಬ ಹಡಗು ಕಟ್ಟೆಗಾಗಿ ಪೈನ್ ಪಾಯಿಂಟ್ ಎಂಬ ದಿಬ್ಬವನ್ನು ಸಿಡಿಮದ್ದಿನಿಂದ ಒಡೆದು, ಅದರ ಮಣ್ಣನ್ನು ಕೆಸರುಭೂಮಿಗೆ ತುಂಬಲಾಯಿತು. ಮೂರೂವರೆ ವರ್ಷಗಳಲ್ಲಿ ಅಲ್ಲಿ 93 ಹಡಗುಗಳು ಸಿದ್ಧವಾದವು. ಕೆಲಸಗಾರರ ವಸತಿಗಾಗಿ ಪಕ್ಕದಲ್ಲಿ ಮರಿನ್ ಸಿಟಿ ಎಂಬ ಊರು ಎದ್ದಿತು. ಕಪ್ಪು ಜನರೂ ಬಿಳಿಯರೂ ಅಲ್ಲಿ ಒಟ್ಟಿಗೆ ವಾಸಿಸಿದರು. ಯುದ್ಧ ಮುಗಿಯಿತು, ಹಡಗು ಕಟ್ಟೆ ಮುಚ್ಚಿತು. ಬಿಳಿಯರು ಸುತ್ತಮುತ್ತ ಮನೆ ಕೊಂಡು ಹೋದರು. ಕಪ್ಪು ಜನರಿಗೆ ಮನೆ ಮಾರಬಾರದೆಂಬ ಷರತ್ತುಗಳು ಕ್ರಯಪತ್ರಗಳಲ್ಲಿಯೇ ಇದ್ದುದರಿಂದ ಅವರು ಮರಿನ್ ಸಿಟಿಯಲ್ಲಿಯೇ ಉಳಿಯಬೇಕಾಯಿತು.

ಹಡಗು ಕಟ್ಟೆಯ ದಡದಲ್ಲಿ ಉಳಿದದ್ದು ಹಳೆಯ ದೋಣಿಗಳು, ಬಾರ್ಜುಗಳು, ಮರದ ದಿಮ್ಮಿಗಳು. ಬಾಡಿಗೆ ತೆರಲಾರದವರು, ಕಲಾವಿದರು, ನಿವೃತ್ತ ನಾವಿಕರು ಅವುಗಳ ಮೇಲೆಯೇ ಮನೆ ಕಟ್ಟಿಕೊಂಡರು. ಚಿತ್ರಕಾರ ಜೀನ್ ವಾರ್ಡಾ ಮತ್ತು ತತ್ತ್ವಚಿಂತಕ ಆಲನ್ ವಾಟ್ಸ್ ವಲ್ಲೇಹೋ ಎಂಬ ಹಳೆಯ ಪ್ರಯಾಣಿಕ ನೌಕೆಯಲ್ಲಿ ನೆಲೆಸಿದ್ದರು. ಅವರ ಹೆಸರುಗಳೇ ಹೆಚ್ಚು ಕೇಳಿಬರುತ್ತವೆಯಾದರೂ, ಅಲ್ಲಿನ ಬಹುಪಾಲು ಜನ ಹೆಸರಿಲ್ಲದ ಸಾಮಾನ್ಯರೇ.

ಈ ನಡುವೆ ಇನ್ನೊಂದು ಬೆಳವಣಿಗೆ ನಡೆದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನು ಮಣ್ಣು ಕಸಗಳಿಂದ ತುಂಬಿ ನಿವೇಶನ ಮಾಡುವ ಹವ್ಯಾಸ ಮಿತಿಮೀರಿದಾಗ, 1961ರಲ್ಲಿ ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್ ಎಂಬ ಮೂವರು ಮಹಿಳೆಯರು ಕೊಲ್ಲಿ ಉಳಿಸುವ ಚಳವಳಿಯನ್ನು ಆರಂಭಿಸಿದರು. ಅದರ ಫಲವಾಗಿ 1965ರಲ್ಲಿ ಕಾನೂನೊಂದು ಜಾರಿಗೆ ಬಂದು, ಕೊಲ್ಲಿಯ ರಕ್ಷಣೆಗೆ ಆಯೋಗವೊಂದು ರಚನೆಯಾಯಿತು. ಪರಿಸರ ಚಳವಳಿಯ ದೊಡ್ಡ ವಿಜಯಗಳಲ್ಲಿ ಅದೂ ಒಂದು, ಸಂಶಯವಿಲ್ಲ. ಆದರೆ ಕಾನೂನಿನ ಪರಿಭಾಷೆಯಲ್ಲಿ ಒಂದು ತೊಡಕಿತ್ತು. ನೀರಿನಲ್ಲಿ ಬಹುಕಾಲ ಕಟ್ಟಿಹಾಕಿದ ದೋಣಿಮನೆಯೂ ಕೊಲ್ಲಿಗೆ ಸುರಿದ ಮಣ್ಣಿನಂತೆಯೇ 'ತುಂಬುವಿಕೆ' ಎಂದು ಪರಿಗಣಿತವಾಯಿತು. ನಿಜಕ್ಕೂ ಗುಡ್ಡ ಒಡೆದು ತುಂಬಿದ ನೆಲದ ಮೇಲಿನ ಕಟ್ಟಡಗಳು ಮಾತ್ರ ಹಾಗೆಯೇ ನಿಂತವು, ಏಕೆಂದರೆ ಅವು ಕಾನೂನಿಗಿಂತ ಹಳೆಯವು.

ದೋಣಿಮನೆಗಳವರು ನಿರಪರಾಧಿಗಳೆಂದು ಇದರ ಅರ್ಥವಲ್ಲ. ಅನೇಕ ಮನೆಗಳ ಮಲಮೂತ್ರ ನೇರವಾಗಿ ಕೊಲ್ಲಿಗೇ ಸೇರುತ್ತಿತ್ತು. 1970ರ ದಶಕದಲ್ಲಿ ಅಧಿಕಾರಿಗಳು ತೆರವಿಗೆ ಮುಂದಾದಾಗ ನಿವಾಸಿಗಳು ದೋಣಿಗಳನ್ನು ಅಡ್ಡಗಟ್ಟಿ ಎದುರಿಸಿದರು. ನೀರಿನ ಮೇಲೆಯೇ ಪೊಲೀಸರೊಡನೆ ಘರ್ಷಣೆಗಳಾದವು. ಕಡೆಗೆ ಒಳಚರಂಡಿ ಜೋಡಣೆಯಿರುವ ಅಧಿಕೃತ ಕಟ್ಟೆಗಳು ನಿರ್ಮಾಣವಾದವು. ಭರತ ಇಳಿತಗಳೊಡನೆ ಬಾಗುವ ಕೊಳವೆಗಳ ಮೂಲಕ ಕೊಳಚೆ ದಡಕ್ಕೆ ಹೋಗತೊಡಗಿತು. ಗೇಟ್ಸ್ ಸಹಕಾರ ಸಂಘದ 38 ಬಡ ಕುಟುಂಬಗಳ ದೋಣಿಗಳಿಗೆ ಮಾತ್ರ ಅಂತಹ ಕಟ್ಟೆಗಳಲ್ಲಿ ಸ್ಥಾನ ದೊರೆಯಲು ಹಲವು ದಶಕಗಳೇ ಬೇಕಾದವು. ಅದೇ ಕಟ್ಟೆಗಳ ಕೆಲವು ತೇಲುವ ಮನೆಗಳು ಮುಂದೆ ಹತ್ತು ಲಕ್ಷ ಡಾಲರಿಗೂ ಮೀರಿ ಮಾರಾಟವಾದವು. ಬಡವರ ಆಶ್ರಯ ಹೀಗೆ ಸಕ್ರಮಗೊಂಡು ಸಿರಿವಂತರ ವಸತಿಯಾಯಿತು.

1980ರ ದಶಕದ ಒಂದು ಪ್ರಸಂಗವನ್ನು ಇಲ್ಲಿ ಹೇಳದಿರಲಾಗದು. ಬೇಸಗೆಯ ರಾತ್ರಿಗಳಲ್ಲಿ ದೋಣಿಮನೆಗಳ ತಳದಿಂದ ಗುಂಯ್ ಎಂಬ ಭಾರಿ ಸದ್ದು ಕೇಳತೊಡಗಿ ನಿವಾಸಿಗಳ ನಿದ್ದೆ ಕೆಟ್ಟಿತು. ಕೊಳಚೆ ಪಂಪೆಂದು ಕೆಲವರು, ಸೈನ್ಯದ ಗುಪ್ತ ಪ್ರಯೋಗವೆಂದು ಕೆಲವರು ಸಂಶಯಿಸಿದರು. ಹಾಡುತ್ತಿದ್ದುದು ಮಿಡ್‌ಶಿಪ್‌ಮನ್ ಎಂಬ ಮೀನು. ಗಂಡು ಮೀನು ಕಲ್ಲಿನಡಿ ಗೂಡು ಮಾಡಿ ಹೆಣ್ಣನ್ನು ಕರೆಯುವ ದನಿಯದು! ತಾವು ಮಾತ್ರವೇ ಕೊಲ್ಲಿಯ ನಿವಾಸಿಗಳಲ್ಲವೆಂಬುದು ಮನೆಯವರಿಗೆ ಹೀಗೆ ತಿಳಿದುಬಂತು.

ಕಟ್ಟೆಯಿಂದ ದೂರ, ಕೊಲ್ಲಿಯ ನಡುವೆ, ಬರಿಯ ಲಂಗರು ಹಾಕಿ ಬದುಕುವ ಮತ್ತೊಂದು ಗುಂಪಿತ್ತು. ಕಟ್ಟೆಯ ಬಾಡಿಗೆ ಅವರ ಕೈಗೆಟುಕದು. 2010ರ ದಶಕದ ನಡುವಿನ ವೇಳೆಗೆ ಇಂತಹ ದೋಣಿಗಳು ಇನ್ನೂರನ್ನು ಮೀರಿದ್ದವು. ಅವುಗಳ ಕೆಳಗೆ, ನೀರಿನ ತಳದಲ್ಲಿ, ಈಲ್‌ಗ್ರಾಸ್ ಎಂಬ ಕಡಲಹುಲ್ಲಿನ ವಿಸ್ತಾರವಾದ ಬಯಲಿದೆ. ಬೂತಾಯಿಯ ದೂರದ ಬಂಧುವಾದ ಹೆರಿಂಗ್ ಮೀನು ಚಳಿಗಾಲದಲ್ಲಿ ಬಂದು ಮೊಟ್ಟೆಯಿಡುವುದು ಆ ಹುಲ್ಲಿನೆಸಳುಗಳ ಮೇಲೆ. ಹೆರಿಂಗನ್ನು ನೆಚ್ಚಿ ಬರುವ ಹಕ್ಕಿಗಳೂ ಅಸಂಖ್ಯ. ಗಾಳಿ ತಿರುಗಿದಂತೆ ದೋಣಿ ತಿರುಗುತ್ತದೆ, ಲಂಗರಿನ ಸರಪಳಿ ತಳವನ್ನು ಗುಡಿಸುತ್ತದೆ, ಹುಲ್ಲು ಬೇರುಸಹಿತ ಕಿತ್ತುಬರುತ್ತದೆ. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಆ ಬೋಳು ವೃತ್ತಗಳು ಸ್ಪಷ್ಟವಾಗಿ ಕಾಣುತ್ತವೆ. ಹಾನಿ ಕಲ್ಪಿತವಲ್ಲ. ಆದರೆ ಆ ಹಾನಿಯ ಬೆಲೆಯನ್ನು ತೆರಬೇಕಾಗಿ ಬಂದವರು ಕೊಲ್ಲಿಯ ಸುತ್ತಲಿನವರಲ್ಲೆಲ್ಲ ಕಡುಬಡವರು. ಕಾಡಿನಂಚಿನಲ್ಲಿ ಬದುಕುವವರಿಗೆ ಈ ಲೆಕ್ಕಾಚಾರ ಅಪರಿಚಿತವಾಗಿರಲಾರದು.

2021ರಲ್ಲಿ ಆಯೋಗವೂ ಸ್ಥಳೀಯ ಪ್ರಾಧಿಕಾರವೂ ಒಪ್ಪಂದವೊಂದಕ್ಕೆ ಬಂದು, ಲಂಗರಿನ ದೋಣಿವಾಸವನ್ನು ಕೊನೆಗಾಣಿಸಲು 2026ರ ಅಕ್ಟೋಬರ್ 15ನ್ನು ಗಡುವಾಗಿ ಗೊತ್ತುಮಾಡಿದವು. ದೋಣಿ ಕಳೆದುಕೊಂಡ ಕೆಲವರು ಸಾಸಲಿಟೋದ ಉದ್ಯಾನದಲ್ಲಿ ಗುಡಾರ ಹಾಕಿದರು. ಅಲ್ಲಿಂದಲೂ ಏಳಬೇಕಾದಾಗ, 2022ರ ರಾಜಿಯಲ್ಲಿ ಸುಮಾರು ಮೂವತ್ತು ಮಂದಿಗೆ ತಲಾ 18 ಸಾವಿರ ಡಾಲರ್ ಸಂದಿತು. ಮುಂದೆ ದಡದಲ್ಲಿ ಬಾಡಿಗೆ ಮನೆ ಒದಗಿಸುವ ಯೋಜನೆಗೆ ರಾಜ್ಯದ ಹಣವೂ ಬಂತು. ಅದು ತೆರವಿಗಿಂತ ಮೊದಲೇ ಬರಬೇಕಾಗಿತ್ತು.

ಇತ್ತ ಸಮುದ್ರ ಮಾತ್ರ ಯಾರ ಒಪ್ಪಂದಕ್ಕೂ ಒಳಪಟ್ಟಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಅಳತೆಗೋಲಿನಲ್ಲಿ ಕಳೆದೊಂದು ಶತಮಾನದಲ್ಲಿ ನೀರು ಸುಮಾರು 20 ಸೆಂಟಿಮೀಟರ್ ಏರಿದೆ. ವರ್ಷದ ಅತಿ ದೊಡ್ಡ ಭರತಗಳಲ್ಲಿ ತೇಲುವ ಮನೆಗಳು ಸುಖವಾಗಿ ಮೇಲೇರುತ್ತವೆ, ಅವುಗಳ ಮುಂದಿನ ವಾಹನ ನಿಲ್ದಾಣ ಮುಳುಗುತ್ತದೆ. ಮನೆಯವರು ರಬ್ಬರಿನ ಬೂಟು ಧರಿಸಿ ಕೆಲಸಕ್ಕೆ ಹೊರಡುತ್ತಾರೆ. ಅಲ್ಲಿಂದ ಕೂಗಳತೆಯ ದೂರದ ಮರಿನ್ ಸಿಟಿಯಲ್ಲಿ, ಭರತದೊಡನೆ ಮಳೆಯೂ ಕೂಡಿದ ದಿನ, ಊರಿಗೆ ಹೋಗಿಬರಲಿರುವ ಒಂದೇ ರಸ್ತೆ ನೀರಿನಡಿಯಾಗುತ್ತದೆ.