ಮೂರೂವರೆ ಇಂಚಿನ ಒಗಟು

ಕಂಪ್ಯೂಟರ್‌ನಲ್ಲಿ ಸೇವ್ ಮಾಡೋಕೆ ಒತ್ತುವ ಆ ಚೌಕದ ಚಿತ್ರ ಇದೆಯಲ್ಲ, ಅದು ಏನು ಅಂತ ಇವತ್ತಿನ ಹುಡುಗರನ್ನ ಕೇಳಿ ನೋಡಿ. ಅದು ಫ್ಲಾಪಿ. ಅದೂ ಮೊಮ್ಮಗ!

ಅಜ್ಜ ಹುಟ್ಟಿದ್ದು 1971ರಲ್ಲಿ, ಐಬಿಎಂ ಮನೆಯಲ್ಲಿ. ಎಂಟು ಇಂಚು ಅಗಲ, ಹಿಡಿಸ್ತಿದ್ದದ್ದು ಸುಮಾರು 80 ಕಿಲೋಬೈಟ್. ಇವತ್ತಿನ ವಾಟ್ಸಾಪ್ ಗುಡ್ ಮಾರ್ನಿಂಗ್ ಚಿತ್ರ ಒಂದು ಹಿಡಿದರೆ ಪುಣ್ಯ. ಆದ್ರೆ ಈ ಅಜ್ಜನ ಆಯಸ್ಸು ನೋಡಿ: ಅಮೆರಿಕದ ಅಣ್ವಸ್ತ್ರ ಪಡೆಗಳಿಗೆ ಸಂದೇಶ ಕಳಿಸುವ ವ್ಯವಸ್ಥೆ 2019ರವರೆಗೂ ಎಂಟು ಇಂಚಿನ ಫ್ಲಾಪಿಯನ್ನೇ ನಂಬಿಕೊಂಡಿತ್ತು.

1976ರಲ್ಲಿ ಶುಗಾರ್ಟ್ ಕಂಪನಿ ಐದೂಕಾಲು ಇಂಚಿನದನ್ನು ತಂತು. ಆಪಲ್ 2, ಐಬಿಎಂ ಪಿಸಿ ಎಲ್ಲ ಅದನ್ನೇ ಬಳಸಿದವು. ಆಮೇಲೆ ಸೋನಿಯ ಗಟ್ಟಿ ಕವಚದ ಮೂರೂವರೆ ಇಂಚು. ಬ್ರಿಟನ್ನಿನ ಆಮ್‌ಸ್ಟ್ರಾಡ್ ಮಾತ್ರ ಮೂರು ಇಂಚಿನದನ್ನು ಹಿಡ್ಕೊಂಡು ಕೂತಿತ್ತು. ಆ ಫ್ಲಾಪಿಗಳನ್ನು ಈಗ ಓದಿಸೋದು ದೊಡ್ಡ ಪಾಡು.

ಅಳತೆ ಒಂದೇ ಆದ್ರೆ ಸಾಕಾ? ಇಲ್ಲ. 1984ರ ಮ್ಯಾಕಿಂಟಾಷ್ ಹೊರ ಅಂಚು ಓದುವಾಗ ತಟ್ಟೆಯನ್ನು ನಿಧಾನ ತಿರುಗಿಸಿ, ಅಲ್ಲಿ ಹೆಚ್ಚು ಮಾಹಿತಿ ತುಂಬಿಸ್ತಿತ್ತು. ಇಂಜಿನಿಯರಿಂಗ್ ಓದಿದ ನನಗೆ ಇದು ಭಲೇ ಜಾಣತನ ಅನ್ಸುತ್ತೆ. ಆದ್ರೆ ಅದೇ ಫ್ಲಾಪಿಯನ್ನು ಮಾಮೂಲಿ ಪಿಸಿಗೆ ಹಾಕಿ, ಓದೋದೇ ಇಲ್ಲ!

ಕಲಾವಿದ ಆಂಡಿ ವಾರ್ಹಾಲ್ 1985ರಲ್ಲಿ ಅಮಿಗಾ ಕಂಪ್ಯೂಟರ್‌ನಲ್ಲಿ ಚಿತ್ರ ಬರೆದಿದ್ದ. ಫ್ಲಾಪಿಗಳು ಮ್ಯೂಸಿಯಂನಲ್ಲೇ ಭದ್ರವಾಗಿದ್ದವು. ಆದರೂ ಚಿತ್ರಗಳು ಹೊರಬಂದದ್ದು 2014ರಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಫ್ಲಾಪಿ ಓದಿದ್ದಷ್ಟೇ ಅಲ್ಲ, ಫೈಲಿನ ವಿನ್ಯಾಸವನ್ನೂ ಬಿಡಿಸಬೇಕಾಯ್ತು.

ವಾರ್ಹಾಲ್‌ಗೆ ಮ್ಯೂಸಿಯಂ ಇತ್ತು. ನಮಗೆ? 90ರ ದಶಕದಲ್ಲಿ ನಮ್ಮ ಡಿಟಿಪಿ ಅಂಗಡಿಗಳಿಂದ ಪ್ರೆಸ್ಸಿಗೆ ಕನ್ನಡ ಪುಸ್ತಕಗಳ ಪುಟಗಳು ಹೋಗ್ತಿದ್ದದ್ದು 1.44 ಎಂಬಿಯ ಫ್ಲಾಪಿಗಳಲ್ಲೇ. ಅಕ್ಷರವೋ ಯೂನಿಕೋಡ್ ಅಲ್ಲ. ಫ್ಲಾಪಿ ತೆರೆದರೂ ಆ ಹಳೇ ಫಾಂಟ್ ಇಲ್ಲದಿದ್ರೆ ಕಾಣೋದು ಬರೀ ಗೀಚು. ಮೇಲೆ ನಮ್ಮ ಮಳೆಗಾಲದ ಬೂಷ್ಟು ಬೇರೆ.

ಬರಹಗಾರರ, ಪ್ರಕಾಶಕರ ಮನೆಯವರೇ, ಅಟ್ಟದ ಮೇಲಿನ ಡಬ್ಬಿ ಇಳಿಸಿ. ಮೂರೂವರೆ ಇಂಚಿನದಾದ್ರೆ ಯುಎಸ್‌ಬಿ ಡ್ರೈವ್ ಈಗಲೂ ಸಿಗುತ್ತೆ. ಐದೂಕಾಲಾದ್ರೆ ಹಳೇ ಯಂತ್ರ ಹುಡುಕಬೇಕು, ಸ್ವಲ್ಪ ಕಷ್ಟ. ಬೂಷ್ಟು ಹಿಡಿದಿದ್ರೆ ಮಾತ್ರ ಹಾಗೇ ತುರುಕಬೇಡಿ, ಡ್ರೈವೂ ಕೆಡುತ್ತೆ. ಫಾಂಟ್ ಫೈಲುಗಳಿರೋ ಫ್ಲಾಪಿ ಸಿಕ್ಕಿದ್ರೆ ಅದನ್ನೇ ಮೊದಲು ನಕಲು ಮಾಡಿ.