ಗುರಿಯ ಅಭ್ಯಾಸಕ್ಕೆ ಸಣ್ಣ ರಿವಾಲ್ವರು

ಗುರಿಯ ಅಭ್ಯಾಸಕ್ಕೆ ದೊಡ್ಡ ತೋಟಾದ ರಿವಾಲ್ವರೇ ಬೇಕೆಂಬ ಭ್ರಮೆ ಹಲವರಲ್ಲುಂಟು. ನಾವು ಇದನ್ನೊಪ್ಪೆವು. ಅಂಚಿನಲ್ಲಿ ಸಿಡಿಮದ್ದನ್ನಡಗಿಸಿಕೊಂಡ .22ರ ತೋಟಾ ಅಗ್ಗವಾದುದು. ಅದರ ಒದೆತವೂ ಅಲ್ಪ. ಆದುದರಿಂದಲೇ ಅಮೆರಿಕೆಯ ಸ್ಮಿತ್ ಅಂಡ್ ವೆಸನ್ ಕಂಪೆನಿಯವರು 1930ರ ದಶಕದ ಆದಿಯಲ್ಲಿ ತಮ್ಮ .38ರ ಚೌಕಟ್ಟಿನ ಮೇಲೆಯೇ ಕೆ-22 ಎಂಬುದನ್ನು ನಿರ್ಮಿಸಿದರು.

ಕೊಳ್ಳುವಾಗ ಹೊಳಪಿಗೆ ಮರುಳಾಗದೆ, ಹಿಡಿಯು ಅಂಗೈಗೊಪ್ಪುವುದೋ, ಹಿಂದಣ ಗುರಿಗಚ್ಚು ತಿರುಪಿನಿಂದ ಸರಿಯುವುದೋ ನೋಡತಕ್ಕದ್ದು. ಆರಂಗುಲದ ನಳಿಗೆ ಲೇಸು.

ಒಂದೇ ಗುಂಡನ್ನು ಕಂಡು ತಿರುಪಿಗೆ ಕೈಹಾಕುವ ಆತುರಗಾರರೇ ಬಹುಮಂದಿ! ಪರವಾನೆ ಪಡೆದ ಗುರಿಮೈದಾನದಲ್ಲಿ, ಮರಳಚೀಲದ ಮೇಲೆ ಕೈಯೂರಿ ಐದು ಗುಂಡು ಹಾರಿಸಿ, ರಂಧ್ರಗಳ ಗುಂಪಿನ ನಡುವನ್ನು ಗುರುತಿಸಬೇಕು. ಗುಂಪು ಎಡಕ್ಕೆ ಬಿದ್ದರೆ ಹಿಂದಣ ಕಚ್ಚನ್ನು ಬಲಕ್ಕೆ, ಕೆಳಗೆ ಬಿದ್ದರೆ ಮೇಲಕ್ಕೆ ಸರಿಸತಕ್ಕದ್ದು. ತೋಟಾದ ಮಾದರಿ ಬದಲಾದರೆ ಮತ್ತೆ ಇದೇ ಪರೀಕ್ಷೆ.

ಗುಂಪೇ ಚದರಿದರೆ? ಆಗ ಅನೇಕ ವೇಳೆ ತಪ್ಪು ತಿರುಪಿನದಲ್ಲ. ಸಿಡಿತವನ್ನು ನಿರೀಕ್ಷಿಸಿ ಕೈ ಬೆಚ್ಚುತ್ತಿರುತ್ತದೆ. ಗೆಳೆಯರೊಬ್ಬರು ನಮಗೆ ಕಾಣದಂತೆ ತೋಟಾಗಳ ನಡುವೆ ಸುಟ್ಟ ಚಿಪ್ಪುಗಳನ್ನು ತುಂಬಿಕೊಡಲಿ. ಚಿಪ್ಪಿನ ಸರದಿಯಲ್ಲಿ ನಳಿಗೆ ತಟ್ಟನೆ ಬಾಗಿದರೆ ಗುಟ್ಟು ಬಯಲಾಯಿತು. ಗೂಡನ್ನು ಬರಿದೆ ಬಿಡುವುದು ಮಾತ್ರ ತರವಲ್ಲ. ಹಲವು ರಿವಾಲ್ವರುಗಳಲ್ಲಿ ಕುದುರೆಯ ಮೊನೆ ಗೂಡಿನ ಅಂಚಿಗೆ ಬಡಿದು ಅದನ್ನು ಕೆಡಿಸುತ್ತದೆ.